ಹಾರ್ನ್ ಸ್ಪೀಕರ್ ಗುಂಯ್‌ಗುಡೋದು ನಿಂತಿದ್ದು ಹೀಗೆ

ಆರಿಂಚಿನ ಫುಲ್‌ರೇಂಜ್ ಡ್ರೈವರ್ (ಬೇಸಿಂದ ಕೀಚಲು ದನಿವರೆಗೂ ಒಂದೇ ನುಡಿಸೋ ಸ್ಪೀಕರ್ ಕೋನ್) ಹಾಕಿ ಪ್ಲೈವುಡ್‌ನಲ್ಲಿ ಬ್ಯಾಕ್‌ಲೋಡೆಡ್ ಹಾರ್ನ್ (ಡ್ರೈವರ್ ಹಿಂದಿನ ಶಬ್ದ ಕಹಳೆ ಥರ ಅಗಲವಾಗ್ತಾ ಹೋಗೋ ದಾರೀಲಿ ಹೊರಬರೋ ಡಬ್ಬ) ಮಾಡ್ಕೊಂಡಿದ್ದೆ, ಹಾಡೋರ ದನಿ ಎದುರಿಗೇ ಕೂತು ಹಾಡ್ದಂಗೆ ಬರ್ತಿತ್ತು, ಆದ್ರೆ ಬೇಸ್ ಮಾತ್ರ ಒಂದೇ ಸ್ವರಕ್ಕೆ ಗುಂಯ್ ಅಂತ ಊದ್ಕೊಳ್ಳೋದು. ಡ್ರೈವರ್ರೇ ಸರಿಯಿಲ್ಲ ಅಂತ ಬೈಕೊಂಡು ಎರಡು ವಾರ ಹಾಳ್ಮಾಡ್ದೆ.

ಆಮೇಲೆ ಗೋಡೆಗಳ ನಡುವೆ ಶಬ್ದ ಹೋಗಿ ಬಂದು ರೂಮೇ ಯಾವ ಸ್ವರನ ಊದಿಸುತ್ತೆ ಅಂತ ಲೆಕ್ಕ ಹಾಕ್ದೆ. ರೂಮಿನ ಉದ್ದ 4 ಮೀಟರ್, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನ ಉದ್ದದ ಎರಡರಷ್ಟರಿಂದ ಭಾಗಿಸಿದ್ರೆ ಸುಮಾರು 43 ಹರ್ಟ್ಸ್, ಅದರ ದುಪ್ಪಟ್ಟು 86, ಫೋನಲ್ಲಿ ಟೋನ್ ಜನರೇಟರ್ (ಬೇಕಾದ ಹರ್ಟ್ಸ್‌ನ ಒಂದೇ ಸ್ವರ ನುಡಿಸೋ ಆ್ಯಪ್) ಹಾಕಿ ನೋಡಿದ್ರೆ ಗುಂಯ್ ಅನ್ನೋದು ಸರಿಯಾಗಿ ಆ 86ರ ಹತ್ರಾನೇ! ತಪ್ಪು ಡಬ್ಬದ್ದಲ್ಲ, ನಂದು. ಸೋಫಾ ಹಿಂದಿನ ಗೋಡೆಗೆ ಅಂಟಿಸಿದ್ದೆ, ಗೋಡೆ ಹತ್ರಾನೇ ಆ ಸ್ವರದ ಶಬ್ದದ ಒತ್ತಡ ಜಾಸ್ತಿ ಇರೋದು. ಸೋಫಾನ 80 ಸೆಂಟಿಮೀಟರ್ ಮುಂದಕ್ಕೆ ತಂದೆ, ಅರ್ಧ ರೋಗ ಅಲ್ಲೇ ಹೋಯ್ತು.

ಸ್ಪೀಕರ್‌ಗಳನ್ನ ಮೂಲೆಯಿಂದ ತೀರಾ ದೂರ ತಂದ್ರೆ ಬೇಸೇ ಸೊರಗುತ್ತೆ, ಯಾಕಂದ್ರೆ ಹಾರ್ನ್ ಬಾಯಿಗೆ ಗೋಡೆ, ನೆಲಾನೇ ಮುಂದುವರಿಕೆ ಥರ. ಎಳ್ದು ತಳ್ಳಿ ಕೊನೆಗೆ 30 ಸೆಂಟಿಮೀಟರ್‌ಗೆ ನಿಲ್ಲಿಸ್ದೆ (ಸೊಂಟದ ಕಥೆ ಕೇಳ್ಬೇಡಿ).

ಉಳಿದಿದ್ದು ಮಿಡ್‌ನ (ಮಧ್ಯದ ಸ್ವರಗಳ) ಕಿರುಚಾಟ. ಡ್ರೈವರ್ ಹಿಂದಿನ ಚೇಂಬರ್‌ಗೆ ಒಂದು ಹಿಡಿ ಉಣ್ಣೆ, ಹಾರ್ನ್ ದಾರಿಗೆ ಮಾತ್ರ ಏನೂ ತುರುಕಲಿಲ್ಲ. ಸ್ಪೀಕರ್ ಮುಖ ನೇರ ಕಿವಿಗಲ್ಲದೆ ಸ್ವಲ್ಪ ಹೊರಗೆ ತಿರುಗಿಸ್ದೆ, ಈಗ ರಾತ್ರಿ ಹನ್ನೊಂದಾದ್ರೂ ಎದ್ದು ಹೋಗೋಕೆ ಮನಸ್ಸು ಬರಲ್ಲ.