ಕನ್ಸಲ್ಟಿಂಗ್ ಇಂಟರ್‌ವ್ಯೂಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿ

ಮೊದಲ ಸಲ ಕನ್ಸಲ್ಟಿಂಗ್ ಕಂಪನಿಯಿಂದ ಇಂಟರ್‌ವ್ಯೂ ಕರೆ ಬಂದಾಗ ಮನೆಯಲ್ಲಿ ಹೇಳಿದೆ. ಸೋದರಮಾವ ತಕ್ಷಣ, "ಕನ್ಸಲ್ಟೆನ್ಸಿನಾ? ದುಡ್ಡು ಗಿಡ್ಡು ಕೇಳಿದ್ರೆ ಕೊಡ್ಬೇಡಮ್ಮ" ಅಂದರು. ನಮ್ಮ ಕಡೆ ಕನ್ಸಲ್ಟೆನ್ಸಿ ಅಂದರೆ ಕೆಲಸ ಕೊಡಿಸುವ ಏಜೆನ್ಸಿ ಅಂತಲೇ ಅರ್ಥ, ಮಾವನ ತಪ್ಪೇನಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಬೇರೆ ಥರದ ಕಂಪನಿಗಳ ಬಗ್ಗೆ. ವ್ಯಾಪಾರ ಹೇಗೆ ಬೆಳೆಸಬೇಕು, ಖರ್ಚು ಎಲ್ಲಿ ಉಳಿಸಬಹುದು ಅಂತ ದೊಡ್ಡ ಕಂಪನಿಗಳಿಗೆ ಸಲಹೆ ಕೊಟ್ಟು ಫೀಸು ತೆಗೆದುಕೊಳ್ಳುವವರು. ಮೆಕಿನ್ಸಿ, ಬಿಸಿಜಿ, ಬೇನ್ ಒಂದು ಗುಂಪು. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಇನ್ನೊಂದು ಗುಂಪು, ಇವರಿಗೆ ಬಿಗ್ ಫೋರ್ ಅನ್ನುತ್ತಾರೆ. ಆದರೂ ಮಾವನ ಮಾತು ಮರೆಯಬೇಡಿ. ಇಂಥ ದೊಡ್ಡ ಹೆಸರುಗಳನ್ನು ಇಟ್ಟುಕೊಂಡು ಸುಳ್ಳು ಆಫರ್ ಲೆಟರ್ ಕಳಿಸುವವರು ಇದ್ದಾರೆ. ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ನಾನು ಎರಡು ಸಲ ಈ ಇಂಟರ್‌ವ್ಯೂ ಕೊಟ್ಟಿದ್ದೇನೆ. ಮೊದಲ ಸಲ ಆಗಲಿಲ್ಲ, ಎರಡನೇ ಸಲ ಬೇರೆ ಕಡೆ ಆಯಿತು. ಆಮೇಲೆ ಗೆಳೆಯರು, ಕಸಿನ್‌ಗಳು, ಅವರ ಜೂನಿಯರ್‌ಗಳು ಅಂತ ಎಷ್ಟೋ ಜನರ ಜೊತೆ ಕೂತು ಅಭ್ಯಾಸ ಮಾಡಿಸಿದ್ದೇನೆ. ಬುದ್ಧಿ ಇಲ್ಲದೆ ಸೋತವರನ್ನು ನಾನು ನೋಡಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು, ಬಾಯಿ ಮುಚ್ಚಿ ಕೂತು ಸೋತವರೇ ಜಾಸ್ತಿ.

ಮೊದಲು ನಿಮ್ಮ ಕೆಲಸ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. ವ್ಯಾಪಾರಕ್ಕೆ ದಾರಿ ಹೇಳುವ ಸ್ಟ್ರಾಟಜಿ ಕೆಲಸವಾದರೆ ಕೇಸ್ ಇಂಟರ್‌ವ್ಯೂ ಇದ್ದೇ ಇರುತ್ತದೆ. ಅಂದರೆ, ಒಂದು ಕಂಪನಿಯ ಸಮಸ್ಯೆ ಕೊಟ್ಟು ನೀವೇ ಬಿಡಿಸಿ ಅನ್ನುತ್ತಾರೆ. ಬಿಗ್ ಫೋರ್‌ನಲ್ಲಿ ಟೆಕ್ನಾಲಜಿ ಅಥವಾ ರಿಸ್ಕ್ ಕಡೆಯ ಕೆಲಸವಾದರೆ ನಿಮ್ಮ ರೆಸ್ಯೂಮೆಯಲ್ಲಿರುವ ಪ್ರಾಜೆಕ್ಟ್ ಹಿಡಿದೇ ಪ್ರಶ್ನೆ ಬರುವುದು ಹೆಚ್ಚು. ಬರೆದುಕೊಂಡ ಪ್ರತಿ ಸಾಲಿಗೂ ಹತ್ತು ನಿಮಿಷ ಮಾತಾಡುವಷ್ಟು ಸರಕು ಇರಬೇಕು, ಇಲ್ಲದಿದ್ದರೆ ಆ ಸಾಲು ತೆಗೆದುಬಿಡಿ. ಕೆಲವು ಕಡೆ ಇಂಟರ್‌ವ್ಯೂಗೆ ಮುಂಚೆ ಆನ್‌ಲೈನ್ ಪರೀಕ್ಷೆ ಇರುತ್ತದೆ. ಮೆಕಿನ್ಸಿಯ ಸಾಲ್ವ್ ಅನ್ನುವ ಪರೀಕ್ಷೆ ನೋಡೋಕೆ ಆಟದ ಥರ ಇರುತ್ತದೆ. ಇದಕ್ಕೆ ಏನೂ ಓದದೆ ಹೋಗಬೇಡಿ, ಹಾಗಂತ ತಿಂಗಳುಗಟ್ಟಲೆ ಕೂರುವುದೂ ಬೇಡ.

ಈಗ ನನ್ನ ಮೊದಲ ಇಂಟರ್‌ವ್ಯೂ ವಿಷಯ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದಿದ್ದು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಎದುರಿಗೆ ಕೂತ ಮ್ಯಾನೇಜರ್ ಕೇಸ್ ಕೊಟ್ಟರು. ಔಷಧಿ ಅಂಗಡಿಗಳ ಒಂದು ಕಂಪನಿ. ಹೋದ ವರ್ಷ 100 ಕೋಟಿ ವ್ಯಾಪಾರ, 20 ಕೋಟಿ ಲಾಭ. ಈ ವರ್ಷ 120 ಕೋಟಿ ವ್ಯಾಪಾರ, ಲಾಭ ಮಾತ್ರ 15 ಕೋಟಿ. ಯಾಕೆ? ನಾನು ಎರಡು ತಿಂಗಳಿಂದ ಸಮಸ್ಯೆಯನ್ನು ಭಾಗ ಮಾಡಿ ನೋಡುವ ಸಿದ್ಧ ಚೌಕಟ್ಟುಗಳನ್ನು, ಅಂದರೆ ಫ್ರೇಮ್‌ವರ್ಕ್‌ಗಳನ್ನು ಬಾಯಿಪಾಠ ಮಾಡಿದ್ದೆ. ಹಾಳೆ ತೆಗೆದುಕೊಂಡು ಮೂರು ನಿಮಿಷ ಒಂದೂ ಮಾತಿಲ್ಲದೆ ಡಬ್ಬಿಗಳನ್ನು ಬರೆದೆ. ಆದಾಯ, ಖರ್ಚು, ಬೆಲೆ, ಎಷ್ಟು ಮಾರಾಟ, ಎಲ್ಲ. ಆಮೇಲೆ ಮೊದಲನೇ ಡಬ್ಬಿಯಿಂದ ಶುರು ಮಾಡಿ, ಗಿರಾಕಿಗಳು ಕಮ್ಮಿ ಆಗಿದ್ದಾರಾ ಅಂತ ಕೇಳಿದೆ. ಅವರು ಪೆನ್ ಕೆಳಗಿಟ್ಟು, "ವ್ಯಾಪಾರ ಜಾಸ್ತಿ ಆಗಿದೆ ಅಂತ ಈಗ ತಾನೇ ಹೇಳಿದೆನಲ್ಲ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಮುಂದೆ ಏನು ಹೇಳಿದೆ ಅಂತ ಈಗಲೂ ಸರಿಯಾಗಿ ನೆನಪಿಲ್ಲ.

ಅವರು ಕೊಟ್ಟ ಅಂಕಿಯಲ್ಲೇ ದಾರಿ ಇತ್ತು. ವ್ಯಾಪಾರ 20 ಕೋಟಿ ಜಾಸ್ತಿ, ಲಾಭ 5 ಕೋಟಿ ಕಮ್ಮಿ. ಅಂದರೆ ಖರ್ಚು 80 ಕೋಟಿಯಿಂದ 105 ಕೋಟಿಗೆ ಹೋಗಿದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಹೊಸ 20 ಕೋಟಿ ವ್ಯಾಪಾರ ಎಲ್ಲಿಂದ ಬಂತು, ಅದನ್ನು ತರೋಕೆ ಏನು ಖರ್ಚಾಯಿತು? ಕೊನೆಯಲ್ಲಿ ಅವರೇ ಹೇಳಿದರು, ಹೊಸ ಆರ್ಡರ್‌ಗಳೆಲ್ಲ ಮನೆಗೆ ತಲುಪಿಸುವಂಥವು. ಡಿಸ್ಕೌಂಟೂ ಕೊಟ್ಟಿದ್ದರು, ಡೆಲಿವರಿ ಖರ್ಚೂ ಕಂಪನಿಯದೇ. ಅಷ್ಟೇ ಸಾಲದು ಅಂತ ಹಳೇ ಗಿರಾಕಿಗಳೂ ಅಂಗಡಿಗೆ ಬರುವುದು ಬಿಟ್ಟು ಅದೇ ಡಿಸ್ಕೌಂಟಿಗೆ ಫೋನಿನಲ್ಲೇ ತರಿಸಿಕೊಳ್ಳುತ್ತಿದ್ದರು.

ಆದ್ದರಿಂದ ಕೇಸ್ ಕೊಟ್ಟ ತಕ್ಷಣ ಡಬ್ಬಿ ಬರೆಯೋಕೆ ಹೋಗಬೇಡಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ. ಕಂಪನಿಗೆ ಬೇಕಾಗಿರುವುದೇನು, ಎಷ್ಟು ದಿನದಲ್ಲಿ ಬೇಕು ಅಂತ ಕೇಳಿ. ಆಮೇಲೆ "ಒಂದು ನಿಮಿಷ ಯೋಚನೆ ಮಾಡಬಹುದಾ" ಅನ್ನಿ. ಯಾರೂ ಬೇಡ ಅನ್ನುವುದಿಲ್ಲ. ಆ ಒಂದು ನಿಮಿಷ ಕಳೆದ ಮೇಲೆ ಮಾತ್ರ ಸುಮ್ನೆ ಕೂರಬೇಡಿ. ಏನು ನೋಡುತ್ತಿದ್ದೀರಿ, ಯಾಕೆ ಅದನ್ನೇ ಮೊದಲು ನೋಡುತ್ತಿದ್ದೀರಿ ಅಂತ ಹೇಳುತ್ತಾ ಹೋಗಿ. ತಪ್ಪು ದಾರಿ ಹಿಡಿದರೆ ಅವರೇ ಒಂದು ಮಾತು ಹೇಳಿ ತಿರುಗಿಸುತ್ತಾರೆ. ಆದರೆ ನೀವು ಯಾವ ದಾರಿಯಲ್ಲಿದ್ದೀರಿ ಅಂತಲೇ ಗೊತ್ತಾಗದಿದ್ದರೆ ಪಾಪ ಅವರಾದರೂ ಏನು ಮಾಡುತ್ತಾರೆ? ಇನ್ನೊಂದು ವಿಷಯ. ಮೆಕಿನ್ಸಿಯಲ್ಲಿ ಸಾಮಾನ್ಯವಾಗಿ ಇಂಟರ್‌ವ್ಯೂ ಮಾಡುವವರೇ ಒಂದೊಂದಾಗಿ ಪ್ರಶ್ನೆ ಕೇಳುತ್ತಾ ಕೇಸ್ ನಡೆಸುತ್ತಾರೆ. ಬೇರೆ ಬಹಳ ಕಡೆ ನೀವೇ ನಡೆಸಿಕೊಂಡು ಹೋಗಬೇಕು. ಎರಡಕ್ಕೂ ಅಭ್ಯಾಸ ಇರಲಿ.

ಇನ್ನು ಗೆಸ್ಟಿಮೇಟ್, ಅಂದರೆ ಪಕ್ಕಾ ಮಾಹಿತಿ ಇಲ್ಲದೆ ಲೆಕ್ಕ ಹಾಕಿ ಅಂದಾಜು ಹೇಳುವ ಪ್ರಶ್ನೆ. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ದಿನಕ್ಕೆ ಎಷ್ಟು ದೋಸೆ ಖರ್ಚಾಗುತ್ತವೆ ಅಂತ ಕೇಳಿದರು ಅಂದುಕೊಳ್ಳಿ. ಜನರಿಂದ ಶುರು ಮಾಡುವ ಬದಲು ನಾನಾದರೆ ಕಾವಲಿಯಿಂದ ಶುರು ಮಾಡುತ್ತೇನೆ, ಯಾಕಂದರೆ ಅದನ್ನು ಕಣ್ಣಾರೆ ನೋಡಿದ್ದೇನೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ಯುವುದರಿಂದ ಮಡಚಿ ಎತ್ತುವವರೆಗೆ ಒಂದು ಸುತ್ತಿಗೆ 6 ನಿಮಿಷ. ಒಂದು ಸುತ್ತಿಗೆ 8 ದೋಸೆ. ಗಂಟೆಗೆ 10 ಸುತ್ತು, ಅಂದರೆ 80 ದೋಸೆ. ಬೆಳಗ್ಗೆ 8ರಿಂದ 11ರವರೆಗೆ ಕಾವಲಿ ಪೂರ್ತಿ ತುಂಬಿರುತ್ತದೆ, 240. ಸಂಜೆ 3 ಗಂಟೆ ಅರ್ಧ ತುಂಬಿರುತ್ತದೆ, 120. ಉಳಿದ 5 ಗಂಟೆ ಕಾಲು ಭಾಗ, 100. ಒಟ್ಟು 460.

ಇಲ್ಲಿಗೆ ನಿಲ್ಲಿಸುವವರು ಬಹಳ ಜನ. ನೀವು ನಿಲ್ಲಿಸಬೇಡಿ, ಇನ್ನೊಂದು ಕಡೆಯಿಂದಲೂ ನೋಡಿ. ಬೆಳಗ್ಗೆ ಕ್ಯಾಶ್ ಕೌಂಟರ್‌ನಲ್ಲಿ ಅರ್ಧ ನಿಮಿಷಕ್ಕೊಂದು ಬಿಲ್ ಅಂದರೆ ಗಂಟೆಗೆ 120 ಬಿಲ್. ಇಡ್ಲಿ ವಡೆಯವರು, ಬರೀ ಕಾಫಿಯವರು ಹೋಗಲಿ, ಅರ್ಧ ಬಿಲ್‌ನಲ್ಲಿ ಒಂದು ದೋಸೆ ಇದೆ ಅಂದುಕೊಂಡರೆ 60. ಕಾವಲಿ ಲೆಕ್ಕ 80 ಹೇಳಿತು, ಬಿಲ್ ಲೆಕ್ಕ 60 ಹೇಳಿತು. ಇದೇ ಪ್ರಮಾಣ ಇಡೀ ದಿನಕ್ಕೆ ಹಿಡಿದರೆ 345 ಬರುತ್ತದೆ. ಹಾಗಾಗಿ "350ರಿಂದ 450ರ ನಡುವೆ, ಬೆಳಗ್ಗೆ ಕಾವಲಿ ಪೂರ್ತಿ ತುಂಬಿರುತ್ತದೆ ಅಂದಿದ್ದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ" ಅಂತ ಹೇಳಿ. ನಿಮ್ಮ ಲೆಕ್ಕದ ಸಡಿಲ ಜಾಗ ಯಾವುದು ಅಂತ ನೀವೇ ತೋರಿಸಿದರೆ ಅವರಿಗೆ ನಂಬಿಕೆ ಬರುತ್ತದೆ.

ಲೆಕ್ಕ ಅಂದಾಗ ನೆನಪಾಯಿತು. ನಾವು ಲಕ್ಷ, ಕೋಟಿಯಲ್ಲಿ ಬೆಳೆದವರು. ಕೇಸ್ ಮಾತ್ರ ಎಷ್ಟೋ ಸಲ ಮಿಲಿಯನ್, ಬಿಲಿಯನ್‌ನಲ್ಲಿ ಬರುತ್ತದೆ. 10 ಲಕ್ಷ ಅಂದರೆ 1 ಮಿಲಿಯನ್, 1 ಕೋಟಿ ಅಂದರೆ 10 ಮಿಲಿಯನ್, 100 ಕೋಟಿ ಅಂದರೆ 1 ಬಿಲಿಯನ್. ಹಾಳೆಯ ಮೂಲೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಒಂದು ಸೊನ್ನೆ ತಪ್ಪಿ ಇಡೀ ಕೇಸ್ ಹಾಳಾದ ಗೆಳೆಯ ನನಗಿದ್ದಾನೆ. ಅವನಿಗೆ ವ್ಯಾಪಾರ ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು.

ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇಂಗ್ಲಿಷ್ ಬಗ್ಗೆಯೇ. ನಿಜ ಹೇಳುತ್ತೇನೆ, ಇಂಗ್ಲಿಷ್ ಬೇಕು. ಆದರೆ ಅಲಂಕಾರದ ಇಂಗ್ಲಿಷ್ ಬೇಡ. ಚಿಕ್ಕ ಚಿಕ್ಕ ವಾಕ್ಯ ಸಾಕು. ಮನಸ್ಸಿನಲ್ಲಿ ಕನ್ನಡದಲ್ಲೇ ಗುಣಿಸಿ, ಕನ್ನಡದಲ್ಲೇ ಯೋಚಿಸಿ, ಏನೂ ತೊಂದರೆ ಇಲ್ಲ. ಅಭ್ಯಾಸದ ಮೊದಲ ವಾರ ಪೂರ್ತಿ ಕನ್ನಡದಲ್ಲೇ ಕೇಸ್ ಬಿಡಿಸಿ ಅಂತಲೇ ನಾನು ಹೇಳುತ್ತೇನೆ. ಯೋಚನೆ ಸರಿ ಕೂತ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳೋದು ಅಷ್ಟು ಕಷ್ಟವಾಗಲ್ಲ. ಎರಡನ್ನೂ ಒಟ್ಟಿಗೆ ಕಲಿಯೋಕೆ ಹೋದವರಿಗೆ ಎರಡೂ ಕೈಕೊಟ್ಟಿದ್ದನ್ನು ನೋಡಿದ್ದೇನೆ.

ಕೇಸ್ ಜೊತೆಗೆ ನಿಮ್ಮ ಬಗ್ಗೆ ಕೇಳುವ ಭಾಗವೂ ಇರುತ್ತದೆ, ಬಹಳ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಂದೇ ಘಟನೆ ಹಿಡಿದು ಹತ್ತಿಪ್ಪತ್ತು ನಿಮಿಷ ಕೆದಕಬಹುದು. ನನ್ನ ಜೊತೆ ತಯಾರಿ ಮಾಡಿದ ದಾವಣಗೆರೆಯ ಗೆಳತಿ ತನ್ನ ಇಂಟರ್‌ವ್ಯೂನಲ್ಲಿ ಹಾಸ್ಟೆಲ್ ಮೆಸ್ ವಿಷಯ ಹೇಳಿದ್ದಳು. ಭಾನುವಾರ ರಾತ್ರಿ ಅನ್ನ ಜಾಸ್ತಿ ಉಳಿಯುತ್ತಿತ್ತು. ಊರಿಗೆ ಹೋಗುವವರು ಶುಕ್ರವಾರವೇ ಹೆಸರು ಬರೆಸಬೇಕು ಅಂತ ಇವಳು ಒಂದು ಪಟ್ಟಿ ಹಚ್ಚಿದಳು. ಅಡುಗೆ ಭಟ್ಟರು ಒಪ್ಪಲಿಲ್ಲ. "ಭಟ್ಟರು ಏನಂದರು? ನೀವೇನಂದಿರಿ? ಆಮೇಲೆ?" ಅಂತ ಕೇಳುತ್ತಲೇ ಹೋದರಂತೆ. "ಕಮ್ಮಿ ಬಿದ್ದರೆ ಬೈಸಿಕೊಳ್ಳೋನು ನಾನಮ್ಮ, ನೀನಲ್ಲ" ಅಂತ ಭಟ್ಟರು ಹೇಳಿದ್ದು, ಇವಳು ಮೊದಲ ಮೂರು ವಾರ ಊಟದ ಹೊತ್ತಿಗೆ ಅವರ ಪಕ್ಕದಲ್ಲೇ ನಿಂತಿದ್ದು, ಎಲ್ಲ ಹೇಳಿದಳು. ನಡೆದದ್ದೇ ಆಗಿದ್ದರಿಂದ ಎಷ್ಟು ಕೆದಕಿದರೂ ಮಾತು ಖಾಲಿಯಾಗಲಿಲ್ಲ. ದೊಡ್ಡ ಸಾಧನೆಯೇ ಬೇಕು ಅಂತೇನಿಲ್ಲ. ಇಂಥ ಮೂರು ನಾಲ್ಕು ಘಟನೆಗಳನ್ನು ಯಾರು ಏನಂದರು ಅನ್ನುವ ಮಟ್ಟಕ್ಕೆ ನೆನಪು ಮಾಡಿ ಬರೆದಿಟ್ಟುಕೊಳ್ಳಿ. ಎಲ್ಲ ಕಡೆ "ನಾವು ಮಾಡಿದೆವು" ಅನ್ನಬೇಡಿ, ನೀವು ಮಾಡಿದ್ದೇನು ಅಂತ ಹೇಳಿ.

ಅಭ್ಯಾಸಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಇಬ್ಬರು ಜೊತೆಗಾರರು ಸಾಕು. ವಾರಕ್ಕೆ ಮೂರು ನಾಲ್ಕು ಮಾಕ್, ಅಂದರೆ ಅಭ್ಯಾಸದ ಇಂಟರ್‌ವ್ಯೂ, ಮಾಡಿ, ಒಂದು ಸಲ ನೀವು ಬಿಡಿಸಿ, ಒಂದು ಸಲ ನೀವೇ ಕೇಸ್ ಕೊಡಿ. ಕೊಡುವ ಜಾಗದಲ್ಲಿ ಕೂತಾಗಲೇ ಎದುರಿನವರ ಮೌನ ಎಷ್ಟು ಉದ್ದ ಅನ್ನಿಸುತ್ತದೆ ಅಂತ ಗೊತ್ತಾಗುವುದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಮೊದಲ ಎರಡು ಸಲ ಕೇಳೋಕೆ ಕಷ್ಟವಾಗುತ್ತದೆ, ಆದರೂ ಕೇಳಿ.

ಆಗಲಿಲ್ಲ ಅಂತ ಮೇಲ್ ಬಂದರೆ ಎಚ್‌ಆರ್‌ಗೆ ಬರೆದು ಕಾರಣ ಕೇಳಿ. ಕೆಲವರು ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಮತ್ತೆ ಅರ್ಜಿ ಹಾಕೋಕೆ ಹಲವು ಕಡೆ ವರ್ಷವೋ ಎರಡು ವರ್ಷವೋ ಕಾಯಬೇಕಾಗುತ್ತದೆ, ಅದನ್ನೂ ಅದೇ ಮೇಲ್‌ನಲ್ಲಿ ಕೇಳಿಕೊಳ್ಳಿ. ಮತ್ತೆ, ಇಂಟರ್‌ವ್ಯೂ ಮುಗಿದ ದಿನ ಮನೆಗೆ ಹೋಗುವ ಬಸ್ಸಿನಲ್ಲೋ ಮೆಟ್ರೋದಲ್ಲೋ ಕೂತೇ, ಅವರು ಕೇಳಿದ ಪ್ರತಿ ಪ್ರಶ್ನೆ, ನೀವು ತಡವರಿಸಿದ ಪ್ರತಿ ಜಾಗ ಬರೆದುಕೊಳ್ಳಿ. ಔಷಧಿ ಅಂಗಡಿಯ ಆ ನಾಲ್ಕು ಅಂಕಿ ನಾನು ಅವತ್ತೇ ಬರೆದಿಟ್ಟಿದ್ದೆ. ಎರಡನೇ ಸಲ ಹೋಗುವ ಮುಂಚಿನ ರಾತ್ರಿ ಬೇರೇನೂ ಓದಲಿಲ್ಲ, ಆ ಹಾಳೆಯನ್ನಷ್ಟೇ ಓದಿದೆ.