ಮೊಣಕಾಲಿಗೆ ಬಿಸಿ ಸೂಜಿ: ಟೆಸ್ಟ್ ದಿನ ಮಲಗಬೇಡಿ

ನಮ್ಮ ಅವ್ವ ಗಂಗಾವತಿಯವಳು. ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತಿದ್ದವಳು, ಈಗ ರೊಟ್ಟಿ ಬಡಿಯಲು ಕೂತರೆ ಗೋಡೆ ಹಿಡಿದೇ ಏಳಬೇಕು. ಕೀಲು ಸವೆದಿದೆ, ಆದರೆ ಆಪರೇಷನ್ ಬೇಡ ಅಂತ ಹಟ. ಇಂಥವರಿಗೆ ಇರುವ ಒಂದು ದಾರಿ ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್. ಮೊಣಕಾಲಿನ ನೋವನ್ನು ಮಿದುಳಿಗೆ ಮುಟ್ಟಿಸುವ ಸಣ್ಣ ನರಗಳಿಗೆ ಸೂಜಿಯ ತುದಿಯಿಂದ ಬಿಸಿ ಕೊಡುತ್ತಾರೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ನೋವಿನ ಸುದ್ದಿ ಮೇಲೆ ಹೋಗುವುದು ಕಡಿಮೆಯಾಗುತ್ತದೆ ಅಷ್ಟೇ.

ಮೊದಲು ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಎಕ್ಸ್‌ರೇ ನಿಂತುಕೊಂಡೇ ತೆಗೆಸಿ, ಮಲಗಿ ತೆಗೆದರೆ ಸಂದು ಎಷ್ಟು ಕಿರಿದಾಗಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಮಾತ್ರೆ, ವ್ಯಾಯಾಮದಿಂದ ಗುಣ ಕಾಣದಿದ್ದರೆ ನೋವಿನ ಚಿಕಿತ್ಸೆ ಮಾಡುವ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್, ಶುಗರ್ ಇದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಆಮೇಲೆ ಟೆಸ್ಟ್. ನಾವು ಎಡವಿದ್ದು ಇಲ್ಲೇ. ಆ ನರಗಳ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಅದು ಕೆಲಸ ಮಾಡುವುದು ಕೆಲವೇ ಗಂಟೆ. ಅಷ್ಟರಲ್ಲಿ ನೋವು ಅರ್ಧಕ್ಕಿಂತ ಜಾಸ್ತಿ ಇಳಿದರೆ ಮಾತ್ರ ಮುಂದಿನ ಮಾತು. ನಾವು ಅವ್ವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಸಿ ಕರೆತಂದೆವು, ಸಂಜೆವರೆಗೂ ನಿದ್ದೆ. ಡಾಕ್ಟರ್ ಕೇಳಿದರೆ "ಆರಾಮ ಇದ್ದೆ" ಅಂದಳು. ಮಲಗಿದರೆ ಯಾರಿಗಾದರೂ ಆರಾಮವೇ, ಅಲ್ವಾ? ಟೆಸ್ಟ್ ಮತ್ತೊಮ್ಮೆ ಮಾಡಿಸಬೇಕಾಯಿತು. ಎರಡನೇ ಸಲ, ಕಾಲು ನೆಟ್ಟಗೆ ಊರುತ್ತದೆ ಅಂತ ಖಾತ್ರಿಯಾದ ಮೇಲೆ, ಕೈ ಹಿಡಿದು ಮೆಟ್ಟಿಲು ಹತ್ತಿಸಿ ಇಳಿಸಿದೆವು, ಕೂರಿಸಿ ಏಳಿಸಿದೆವು, ಗಂಟೆಗೊಮ್ಮೆ ಹತ್ತಕ್ಕೆ ಎಷ್ಟು ನೋವು ಅಂತ ಕ್ಯಾಲೆಂಡರ್ ಹಿಂದೆ ಬರೆದೆವು. ಎಂಟು ಇದ್ದದ್ದು ಮೂರಕ್ಕೆ ಬಂತು.

ಚಿಕಿತ್ಸೆಯ ದಿನ ಎಚ್ಚರವಾಗಿಯೇ ಇರಬಹುದು. ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ನೋಡುತ್ತಾ ಸಾಮಾನ್ಯವಾಗಿ ಮೂರು ಕಡೆ ಸೂಜಿ ಇಡುತ್ತಾರೆ. ಸಣ್ಣ ಕರೆಂಟ್ ಕೊಟ್ಟು, ಕಾಲು ಅದುರುವುದಿಲ್ಲ ಅಂತ ನೋಡಿಕೊಂಡು, ಸುಮಾರು 80 ಡಿಗ್ರಿ ಬಿಸಿಯನ್ನು ಒಂದೊಂದು ಕಡೆ ಒಂದು-ಒಂದೂವರೆ ನಿಮಿಷ ಕೊಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ.

ಕೆಲವು ದಿನ ಚುಚ್ಚಿದ ಜಾಗ ನೋಯುತ್ತದೆ, ಗಾಬರಿ ಬೇಡ. ಜ್ವರ, ಕೆಂಪು, ಬಾವು ಬಂದರೆ ತಡ ಮಾಡದೆ ಹೋಗಿ. ಗುಣ ಕಂಡವರಿಗೆ ಆರು ತಿಂಗಳಿಂದ ವರ್ಷದವರೆಗೆ ಇರಬಹುದು. ನರ ಮತ್ತೆ ಬೆಳೆದಾಗ ನೋವೂ ಬರುತ್ತದೆ, ಬೇಕಿದ್ದರೆ ಇನ್ನೊಮ್ಮೆ ಮಾಡಿಸಬಹುದು. ನೋವಿಲ್ಲದ ಈ ದಿನಗಳಲ್ಲೇ ತೊಡೆಗೆ ಬಲ ಬರಿಸಬೇಕು: ಮೊಣಕಾಲ ಕೆಳಗೆ ಟವೆಲ್ ಸುರುಳಿ ಇಟ್ಟು, ಐದು ಸೆಕೆಂಡ್ ಒತ್ತಿ ಬಿಡುವುದು.

ಒಲೆಯನ್ನೂ ಕಟ್ಟೆಯ ಮೇಲೆ ಇಟ್ಟಿದ್ದೇವೆ. ನಿಂತು ಬಡಿದರೆ ರೊಟ್ಟಿ ದಪ್ಪ ಬರುತ್ತದೆ ಅಂತ ಅವ್ವ ದಿನಾ ಬೈಯುತ್ತಾಳೆ.