ಮಾವನ 3100 ಮತ್ತು ನಾನ್ನೂರು ಚೀಲ ಭತ್ತ

2010ರ ಸುಗ್ಗಿ. ಗಂಗಾವತಿಯಲ್ಲಿ ನಮ್ಮ ಸೋದರಮಾವನ ದಲಾಲಿ ಅಂಗಡಿ ಇತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದ ನನ್ನನ್ನು ಲೆಕ್ಕ ಬರೆಯೋಕೆ ಕರೆದರು. ನಮ್ಮ ಕಡೆ ಭತ್ತದ ದರ ಹೇಳೋದು 75 ಕೆಜಿ ಚೀಲಕ್ಕೆ. ಕಾಂಟಾ ತೋರಿಸೋದು ಮಾತ್ರ ಕೆಜಿ. ಒಟ್ಟು ಕೆಜಿಯನ್ನು ದರದಿಂದ ಗುಣಿಸಿ, 75ರಿಂದ ಭಾಗಿಸಿ, ಹಮಾಲಿ ಕಳೆಯಬೇಕು. ದಿನವಿಡೀ ಇದೇ. ಮಾವನ ಜೇಬಿನ ನೋಕಿಯಾ 3100ರಲ್ಲೇ ಈ ಲೆಕ್ಕ ಕೂರಿಸೋಣ ಅನ್ನಿಸಿತು.

"ಲೇ ತಮ್ಮಾ, ಅದ್ರಾಗ ಮಾತಾಡೋದು ಬಿಟ್ರ ಬ್ಯಾರೆ ಏನ್ ಬರ್ತೈತೋ?" ಅಂದರು ಮಾವ.

ಬೇಸಿಕ್ ಫೋನಿಗೆ ಆ್ಯಪ್ ಅಂದರೆ ಆಗ ಜೆ2ಎಂಇ, ಅಂದರೆ ಚಿಕ್ಕ ಸಾಧನಗಳಿಗೆ ಇಳಿಸಿದ ಜಾವಾ ಪ್ರೋಗ್ರಾಮಿಂಗ್ ಭಾಷೆ. ಮೊದಲು ನೋಡಬೇಕಾದ್ದು ಫೋನಿನಲ್ಲಿ ಜಾವಾ ಇದೆಯಾ ಅಂತ. ಗುಮಾಸ್ತನ ನೋಕಿಯಾ 1100ರಲ್ಲಿ ಇರಲಿಲ್ಲ, ಅದನ್ನು ಬಿಟ್ಟೆ. ಇಂಥ ಆ್ಯಪ್ ಕಟ್ಟೋಕೆ ಸನ್ ಕಂಪನಿಯ ವೈರ್‌ಲೆಸ್ ಟೂಲ್‌ಕಿಟ್ ಪುಕ್ಕಟೆ ಸಿಗುತ್ತಿತ್ತು. ಅದು, ಜೆಡಿಕೆ (ಜಾವಾ ಕೋಡನ್ನು ಕಂಪೈಲ್ ಮಾಡೋ ಸಲಕರಣೆ), ನೋಟ್‌ಪ್ಯಾಡ್ ಇಷ್ಟಿದ್ದರೆ ಶುರು ಮಾಡಬಹುದಿತ್ತು. ಆ್ಯಪ್‌ಗೆ ಅಲ್ಲಿ ಮಿಡ್‌ಲೆಟ್ ಅಂತಾರೆ. ಸ್ಟಾರ್ಟ್‌ಆ್ಯಪ್, ಪಾಜ್‌ಆ್ಯಪ್, ಡೆಸ್ಟ್ರಾಯ್‌ಆ್ಯಪ್ ಅಂತ ಮೂರು ಮೆಥಡ್ (ಶುರು, ತಡೆ, ಮುಕ್ತಾಯಕ್ಕೆ ಒಂದೊಂದು ಕೋಡಿನ ತುಂಡು) ಬರೆದರೆ ಅಸ್ಥಿಪಂಜರ ರೆಡಿ. ಎರಡೇ ದಿನದಲ್ಲಿ ಕಂಪ್ಯೂಟರ್‌ನ ಎಮ್ಯುಲೇಟರ್ (ಫೋನಿನ ನಕಲು) ಮೇಲೆ ಬಿಲ್ ಬಂತು. ನಾನು ಭಾರೀ ಖುಷಿ.

ಕೇಬಲ್ ಹಾಕಿ ಮಾವನ ಫೋನಿಗೆ ಕಳಿಸಿದೆ. ಇನ್‌ಸ್ಟಾಲ್ ಆಗಲೇ ಇಲ್ಲ.

ಕಾರಣ ಹುಡುಕೋಕೆ ಒಂದು ವಾರ ಹಿಡಿಯಿತು. 3100ರಲ್ಲಿರೋದು ಮಿಡ್‌ಪಿ 1.0, ಸಿಎಲ್‌ಡಿಸಿ 1.0, ಅಂದರೆ ಫೋನ್ ಜಾವಾದ ಮೊದಲ ಆವೃತ್ತಿಗಳು. ಅದರಲ್ಲಿ ದಶಾಂಶ ಸಂಖ್ಯೆಯೇ ಇಲ್ಲ! ಫ್ಲೋಟ್ ಇಲ್ಲ, ಡಬಲ್ ಇಲ್ಲ. ಅವು ಬಂದಿದ್ದು ಸಿಎಲ್‌ಡಿಸಿ 1.1ರಲ್ಲಿ. ನನ್ನ ಎಮ್ಯುಲೇಟರ್ ಹೊಸ ಆವೃತ್ತಿಗೆ ಸೆಟ್ ಆಗಿತ್ತು, ಅದಕ್ಕೇ ತುಟಿ ಪಿಟಕ್ ಅನ್ನದೆ ಓಡಿಸಿತ್ತು. ಎಮ್ಯುಲೇಟರ್ ಮೇಲಿನ ನನ್ನ ನಂಬಿಕೆ ಅವತ್ತೇ ಹೋಯಿತು. ರೂಪಾಯಿ ಬಿಟ್ಟು ಎಲ್ಲಾ ಲೆಕ್ಕ ಪೈಸೆಗೆ ತಂದೆ, ಇಂಟ್‌ನಲ್ಲೇ (ಪೂರ್ಣಾಂಕ ಇಡೋ ಜಾಗ) ಮುಗಿಸಿದೆ. ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿ ಮಧ್ಯೆ ಚುಕ್ಕಿ ಇಡೋದು.

ಮುಂದಿನ ತಲೆನೋವು ಕನ್ನಡ. ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ, ಅಕ್ಷರದ ಜಾಗದಲ್ಲಿ ಬರೀ ಡಬ್ಬಿ. ಮಾವನಿಗೆ ಇಂಗ್ಲಿಷ್ ಓದೋಕೆ ಬರೋದಿಲ್ಲ. ಕೊನೆಗೆ ಚೀಲ, ತೂಕ, ದರ, ಹಮಾಲಿ ಇಂಥ ಪದಗಳನ್ನು ಚಿತ್ರ ಮಾಡಿ ಇಟ್ಟೆ. ಆದರೆ ಆ ಫೋನ್ 64 ಕೆಬಿಗಿಂತ ದೊಡ್ಡ ಜಾರ್ ಫೈಲನ್ನು (ಆ್ಯಪಿನ ಕೋಡು, ಚಿತ್ರ ಎಲ್ಲಾ ಕಟ್ಟಿದ ಗಂಟು) ಒಳಗೆ ಬಿಟ್ಟುಕೊಳ್ಳಲ್ಲ. ಒಂದೊಂದು ಪದಕ್ಕೆ ಒಂದೊಂದು ಪಿಎನ್‌ಜಿ ಇಟ್ಟರೆ ಪ್ರತಿ ಫೈಲಿನ ತಲೆಭಾಗಕ್ಕೇ ಒಂದಷ್ಟು ಬೈಟ್ ದಂಡ. ಎಲ್ಲಾ ಪದಗಳನ್ನೂ ಒಂದೇ ಉದ್ದ ಪಟ್ಟಿಯಲ್ಲಿ ಬರೆದು, ಬೇಕಾದ ತುಂಡಷ್ಟೇ ಕಾಣೋ ಹಾಗೆ ಮಾಡಿದೆ. ತುಂಡು ಕತ್ತರಿಸೋ ಡ್ರಾರೀಜನ್ ಅನ್ನೋ ಆಜ್ಞೆ ಮಿಡ್‌ಪಿ 2.0ರಲ್ಲಿ ಬಂದಿದ್ದು, ಹಳೇ ಫೋನಿಗಿಲ್ಲ. ಹಾಗಾಗಿ ಸೆಟ್‌ಕ್ಲಿಪ್‌ನಿಂದ ಒಂದು ಕಿಟಕಿ ಕೊರೆದು, ಪಟ್ಟಿಯನ್ನು ಎಡಕ್ಕೆ ಜರುಗಿಸಿ ಚಿತ್ರ ಬಿಡಿಸೋದು. 128×128 ಪಿಕ್ಸೆಲ್ ಪರದೆ ಮೇಲೆ 'ಹಮಾಲಿ' ಅಂತ ಮೂಡಿದ್ದು ನೋಡಿ ಮಾವ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

ಇನ್ನೊಂದು ಮಾತು. ಚಿತ್ರ ಬದಲಿಸಿದಾಗೆಲ್ಲ ಜಾರ್ ಫೈಲನ್ನು ಕೈಯಿಂದ ಬಿಚ್ಚಿ ಕಟ್ಟುತ್ತಿದ್ದೆ. ಅದರ ಜೊತೆಗಿರೋ ಜಾಡ್ ಫೈಲಿನಲ್ಲಿ (ಆ್ಯಪಿನ ವಿವರ ಬರೆದ ಚೀಟಿ) ಜಾರ್‌ನ ಅಳತೆ ಬೈಟ್ ಲೆಕ್ಕದಲ್ಲಿ ಸರಿಯಾಗಿ ಇರಬೇಕು. ಒಂದು ಬೈಟ್ ಹೆಚ್ಚುಕಮ್ಮಿ ಆದರೂ ಇನ್‌ಸ್ಟಾಲ್ ಆಗಲ್ಲ. ಇದರಲ್ಲಿ ಒಂದು ಇಡೀ ರಾತ್ರಿ ಹೋಯಿತು.

ಆಮೇಲೆ ಎರಡು ತಿಂಗಳು ತಕರಾರೇ ಇಲ್ಲ. ಹತ್ತು ಚೀಲ, ಇಪ್ಪತ್ತು ಚೀಲ, ಅರವತ್ತು ಚೀಲ, ಎಲ್ಲಾ ಸರಿ. ಒಂದು ದಿನ ಕ್ಯಾಂಪಿನ (ವಲಸೆ ಬಂದ ರೈತರ ಊರು) ದೊಡ್ಡ ರೈತರೊಬ್ಬರ 400 ಚೀಲ ಬಂತು. 30,000 ಕೆಜಿ, ದರ 750. ಮಾವ ಗುಂಡಿ ಒತ್ತಿದರು. ಪರದೆ ಮೇಲೆ ಬಂದಿದ್ದು ಇದು: -272662.-30

"ಅಲ್ಲೋ, ಅವರಿಗೆ ನಾ ಕೊಡಬೇಕೋ, ಅವರ ನನಗ ಕೊಡಬೇಕೋ?"

ರೈತರು ನಕ್ಕರು. ನನಗೆ ಬೆವರು. ಮಾವ ಪೆನ್ಸಿಲ್ ತಗೊಂಡು ಮೂರು ಲಕ್ಷ ಅಂತ ಬರೆದು ಹಮಾಲಿ ಕಳೆದರು.

ತಪ್ಪು ಸಣ್ಣದು. ಇಂಟ್‌ನಲ್ಲಿ ಹಿಡಿಸೋದು 214 ಕೋಟಿ ಚಿಲ್ಲರೆ ಅಷ್ಟೇ. ನಾನು ಪೈಸೆಯಲ್ಲಿ ಗುಣಿಸುತ್ತಿದ್ದೆನಲ್ಲ, 30,000ವನ್ನು 75,000ದಿಂದ ಗುಣಿಸಿದರೆ 225 ಕೋಟಿ. ಪಾತ್ರೆ ತುಂಬಿ ಲೆಕ್ಕ ತಿರುಗಿ ಮೈನಸ್‌ಗೆ ಬಿದ್ದಿತ್ತು. ಆ ದರಕ್ಕೆ 381 ಚೀಲದವರೆಗೂ ಸರಿ ಬರುತ್ತಿತ್ತು, 382ಕ್ಕೆ ಕೈಕೊಡುತ್ತಿತ್ತು. ರೂಪಾಯಿಗೂ ಪೈಸೆಗೂ ಬೇರೆ ಬೇರೆ ಭಾಗಿಸಿದ್ದರಿಂದ ಎರಡು ಮೈನಸ್! ಇಂಟ್ ಇದ್ದ ಕಡೆ ಲಾಂಗ್ (ಇನ್ನೂ ದೊಡ್ಡ ಪಾತ್ರೆ) ಅಂತ ಬರೆದೆ, ಅಷ್ಟೇ ರಿಪೇರಿ. ನಾನು ಯಾವತ್ತೂ ಎರಡಂಕಿ ಚೀಲ ದಾಟಿ ಪರೀಕ್ಷೆ ಮಾಡಿರಲಿಲ್ಲ.

ಈಗ ಯಾರಾದರೂ ಶುರು ಮಾಡೋದಾದರೆ ಕೈಓಎಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಇರೋ ಕೀಪ್ಯಾಡ್ ಫೋನು ಸುಲಭ. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಸಾಕು. ನಾನು ನೋಕಿಯಾ 8110 4ಜಿ ತಗೊಂಡೆ. ಅದರಲ್ಲಿ *#*#33284#*#* ಒತ್ತಿದರೆ ಡೀಬಗ್ ಮೋಡ್ (ಆ್ಯಪ್ ಪರೀಕ್ಷೆಯ ಬಾಗಿಲು) ತೆರೆಯುತ್ತದೆ, ಯುಎಸ್‌ಬಿಯಿಂದ ನಮ್ಮ ಆ್ಯಪ್ ಹಾಕಬಹುದು. ಅದಕ್ಕೆ ವೆಬ್‌ಐಡಿಇ (ಆ್ಯಪನ್ನು ಫೋನಿಗೆ ಕಳಿಸೋ ಸಲಕರಣೆ) ಇರೋ ಹಳೇ ಫೈರ್‌ಫಾಕ್ಸ್ ಬೇಕು. ಪರದೆ 240×320, ಟಚ್ ಇಲ್ಲ, ಎಲ್ಲಾ ಬಾಣದ ಗುಂಡಿಯಲ್ಲೇ ಆಗಬೇಕು. ಆ್ಯಪ್ ಓಡಿಸೋ ಒಳಗಿನ ಎಂಜಿನ್ ಗೆಕೊ 48, ಹಳೇದು. ಅಸಿಂಕ್-ಅವೇಟ್ ಅನ್ನೋ ಹೊಸ ಜಾವಾಸ್ಕ್ರಿಪ್ಟ್ ಬರವಣಿಗೆ ಬಳಸಿದರೆ ಬಿಳಿ ಪರದೆ ತೋರಿಸಿ ಕೂರುತ್ತದೆ. ಕನ್ನಡ ಮಾತ್ರ ಚಿತ್ರ ಇಲ್ಲದೇ ಬರುತ್ತದೆ, ಅದೊಂದು ಸುಖ.

ಭತ್ತದ ಲೆಕ್ಕವನ್ನೇ ಅದಕ್ಕೂ ಬರೆದೆ. ಮೊದಲು ಒತ್ತಿದ್ದು 30,000 ಮತ್ತು 750.